ಗುತ್ತಿಗೆ ಕೆರೆಯ ಏಡಿ

"ಲೇ ಮಾರ, ಒಡೆಯೋ ಆ ಮಡಕೆ! ನಿನ್ ಹೆಂಡ್ತಿ ಅಂತ ಕೈ ಏಳ್ತಿಲ್ವೇನೋ ಬೋಳಿಮಗನೆ?"

ಏರಿಯ ಮೇಲೆ ನಿಂತು ಕೂಗಿದವನು ಕೆರೆಯನ್ನು ಗುತ್ತಿಗೆ ಹಿಡಿದ ವಿಜಯೇಂದ್ರ. ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಚಿನ್ನಮ್ಮ ಏಡಿಯ ಮಡಕೆಯನ್ನು ಸೊಂಟಕ್ಕೆ ಅವುಚಿಕೊಂಡು ನಿಂತಿದ್ದಳು. ಅವಳೆದುರು ದೊಣ್ಣೆ ಹಿಡಿದ ಗಂಡ ಮಾರಪ್ಪ.

ಭದ್ರಾವತಿಯ ಕಾರ್ಖಾನೆಯಲ್ಲಿ ಕೂಲಿ ನಿಂತುಹೋದ ಮೇಲೆ ಮಾರಪ್ಪನಿಗೆ ಸಿಕ್ಕಿದ್ದು ಇದೊಂದೇ ಕೆಲಸ: ತನ್ನ ಕೇರಿಯವರೇ ಕೆರೆಗಿಳಿಯದಂತೆ ಕಾಯುವುದು. ಅಜ್ಜನ ಕಾಲದಿಂದ ಕೇರಿಗೆ ಏಡಿ ಬರುತ್ತಿದ್ದುದು ಇಲ್ಲಿಂದಲೇ. ಅವತ್ತಿನ ಸಾರಿಗೆ ಎಷ್ಟು ಬೇಕೋ ಅಷ್ಟು. ಹೊಟ್ಟೆಯಡಿ ಮರಿ ಕಟ್ಟಿಕೊಂಡ ತಾಯೇಡಿ ಸಿಕ್ಕರೆ ತಿರುಗಿ ನೀರಿಗೆ. ಈಗ ವಿಜಯೇಂದ್ರನ ಬೋನುಗಳು ತಾಯಿ, ಮರಿ ಎನ್ನದೆ ಬಾಚುತ್ತಿದ್ದವು. ಏರಿಯ ಮೇಲೆ ತುಂಬಿಟ್ಟ ಕ್ರೇಟುಗಳು ಶಿವಮೊಗ್ಗದ ಹೋಟೆಲುಗಳಿಗೆ ಹೋಗುತ್ತಿದ್ದವು.

"ನಮ್ಮತ್ತೆಗೆ ಜ್ವರ ಬಿಟ್ಟು ಬಾಯಿಗೆ ಏನೂ ಸೇರ್ತಿಲ್ಲ ಸ್ವಾಮಿ. ಒಂದು ಸಾರಿಗಾಗೋವಷ್ಟು..." ಎಂದಳು ಚಿನ್ನಮ್ಮ.

ಏರಿಯ ಮೇಲೆ ನಿಲ್ಲಿಸಿದ ಜೀಪಿನಲ್ಲಿ ಕುಳಿತಿದ್ದ ಸರ್ಕಾರಿ ಸಾಹೇಬರು ಎಳನೀರು ಹೀರುವುದನ್ನು ನಿಲ್ಲಿಸಿದರು. "ನೋಡಮ್ಮ, ಇದು ಮರಿ ಮಾಡೋ ಸೀಸನ್ನು. ನೀವು ಹಿಂಗೆ ಹಿಡಿದು ತಿಂದ್ರೆ ಏಡಿ ಸಂತಾನಾನೇ ಉಳಿಯಲ್ಲ. ಅದಕ್ಕೇ ಏಡಿ ಹಿಡೀಬಾರ್ದು ಅಂತ ಬೋರ್ಡು ಹಾಕ್ಸಿರೋದು."

"ಮತ್ತೆ ಆ ಕ್ರೇಟಲ್ಲಿರೋವು?"

"ಅವ್ರಿಗೆ ಟೆಂಡರ್ ಆಗಿದೆ."

"ಸಾಹೇಬ್ರಿಗೇ ಎದುರು ಮಾತಾಡ್ತೀಯಾ ಮುಂಡೆ! ಒಡೆಯೋ ಮಾರ!" ವಿಜಯೇಂದ್ರ ಕಿರುಚಿದ.

ಮಾರಪ್ಪ ಹೆಂಡತಿಯ ಮುಖ ನೋಡದೆ ದೊಣ್ಣೆ ಬೀಸಿದ. ಮಡಕೆ ಚೂರಾಯಿತು. ಏಡಿಗಳು ನೀರಿಗೆ ಬಿದ್ದು ಮಾಯವಾದವು. ಅವಳ ಮೊಣಕೈಯಿಂದ ರಕ್ತ ಇಳಿಯಿತು.

"ಥೂ, ನಿನ್ ಜನ್ಮಕ್ಕೆ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ವಿಜಯೇಂದ್ರ ನಕ್ಕ. "ನೋಡಿ ಸಾರ್, ಅನ್ನ ಹಾಕಿದ ನಾಯಿಗೆ ಹಿಂಗೆ ನಿಯತ್ತಿರ್ಬೇಕು."

ಮಾರಪ್ಪ ದೊಣ್ಣೆ ಎಸೆದು ಏರಿ ಹತ್ತಿದ. ಬೀಡಿಗೆ ಕಾಸು ಕೇಳಲು ಬಂದನೆಂದು ವಿಜಯೇಂದ್ರ ಜೇಬಿಗೆ ಕೈ ಹಾಕಿದ. ಮಾರಪ್ಪ ಅವನನ್ನು ದಾಟಿ ಹೋಗಿ, ತುಂಬಿದ ಕ್ರೇಟೊಂದನ್ನು ಎತ್ತಿ ಕೆರೆಗೆ ಸುರಿದ. ಇನ್ನೊಂದನ್ನೂ ಸುರಿದ. ಉಳಿದವನ್ನು ಕಾಲಿನಿಂದ ಒದ್ದ.

"ಮರಿ ಮಾಡೋ ಸೀಸನ್ನು ಅಂದ್ರಲ್ಲ ಸಾಹೇಬ್ರೇ!"

"ಹಿಡೀರೋ ಆ ಸೂಳೇಮಗನ್ನ!" ವಿಜಯೇಂದ್ರ ಅರಚಿದ.

ಏರಿಯ ಎರಡೂ ತುದಿಯಿಂದ ಆಳುಗಳು ಓಡಿಬಂದರು. ಸಾಹೇಬರ ಜೀಪು ಮೆಲ್ಲಗೆ ಹಿಂದಕ್ಕೆ ಸರಿದು ಹೊರಟುಹೋಯಿತು. ಹೋಗಲು ಬೇರೆ ದಾರಿಯಿಲ್ಲದೆ ಮಾರಪ್ಪ ಕೆರೆಗೇ ಇಳಿದು ಹೆಂಡತಿಯ ಪಕ್ಕಕ್ಕೆ ಬಂದ. ಚಿನ್ನಮ್ಮ ಅವನತ್ತ ತಿರುಗಲಿಲ್ಲ. ದೂರ ಸರಿಯಲೂ ಇಲ್ಲ.

ಆಳುಗಳು ದಡದುದ್ದಕ್ಕೂ ನಿಂತರು. ಒಬ್ಬನು ಕಲ್ಲು ಎತ್ತಿಕೊಂಡ. ಗಂಡ ಹೆಂಡತಿ ಇಬ್ಬರೂ ಒಂದೊಂದೇ ಹೆಜ್ಜೆ ಹಿಂದಕ್ಕೆ, ಆಳದತ್ತ ಇಟ್ಟರು.

ನೀರು ಎದೆಮಟ್ಟಕ್ಕೆ ಬಂತು.