ಆನ್ಸೆಲ್ಮನ ತೊಳೆಯದ ಅಂಗಿ

"ನನ್ನ ಗಂಡನ ಗಂಬೋ ಸಾರಿಗೆ ಹಮದ್ ಬಂದರಿನ ಹಡಗುಗಳೇ ಸಾಲು ನಿಲ್ತಿದ್ದವು, ಮಾರಾಯ್ತಿ!" ಎನ್ನುತ್ತ ತೆರೆಜಾ ಕಾದ ಎಣ್ಣೆಗೆ ಮೈದಾ ಸುರಿದು ಸೌಟು ಹಾಕಿದಳು. "ಅರ್ಧ ಸುಳ್ಳು. ಹಡಗಲ್ಲ, ಹಡಗಿನವರು."

ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಫ್ರೀಡಾ ನಗಲಿಲ್ಲ. ಹೆದರಿದಷ್ಟೂ ಬಾಯಿ ದೊಡ್ಡದಾಗುವ ಹೆಂಗಸು ತೆರೆಜಾ.

ಬೆಳಿಗ್ಗೆ ಅವಳ ಗಂಡ ಆನ್ಸೆಲ್ಮನನ್ನು ಮಣ್ಣು ಮಾಡಿ ಬಂದವರು ಹೊರಗೆ ಮೇಜುಗಳ ಸುತ್ತ ಕೂತಿದ್ದರು. ಕೊಲ್ಲಿ ನಾಡಿನ ಅಲ್ ಅಜೀಜಿಯಾದ ಈ ಕ್ರಿಯೋಲ್ ಹೋಟೆಲು ಟೋನಿ ಶುರು ಮಾಡಿದ್ದು. ಹಡಗಿನ ಕೆಲಸದಲ್ಲಿದ್ದಾಗ ಅಮೆರಿಕದ ಲೂಸಿಯಾನಾದಲ್ಲಿ ಕಲಿತ ಅಡುಗೆಯನ್ನು ಅವನು ಆನ್ಸೆಲ್ಮನೊಬ್ಬನಿಗೇ ಹೇಳಿಕೊಟ್ಟು ತೀರಿಕೊಂಡಿದ್ದ. ಮೊನ್ನೆ ಆಸ್ಪತ್ರೆಯ ಬಾಗಿಲಲ್ಲಿ ಟೋನಿಯ ಮಗ, ಫ್ರೀಡಾಳ ಗಂಡ ರಿಚರ್ಡ್, "ಇನ್ನು ಬೋರ್ಡು ಇಳಿಸುವುದೇ, ಆಂಟಿ" ಎಂದು ಅತ್ತಾಗ ತೆರೆಜಾ, "ನಮ್ಮವರಿಗೆ ಕಲಿಸಿದ್ದೇ ನಾನು!" ಅಂದುಬಿಟ್ಟಿದ್ದಳು.

"ಹಾಗಾದ್ರೆ ಮಣ್ಣಿನ ದಿನದ ಊಟಕ್ಕೆ ನೀವೇ ಮಾಡಿ. ಸರಿಯಾದ್ರೆ ಅಡುಗೆ ನಿಮ್ಮದೇ, ವೀಸಾ ನಾನು ನೋಡ್ತೇನೆ" ಎಂದಿದ್ದ ರಿಚರ್ಡ್.

ಗಂಡನ ವೀಸಾದ ನೆರಳಲ್ಲಿ ಬಂದವಳು ಅವಳು. ಸಾರು ಕೆಟ್ಟರೆ, ಅವನನ್ನು ಈ ಮರಳಿನಲ್ಲೇ ಬಿಟ್ಟು ಒಬ್ಬಳೇ ಹೊರಡಬೇಕು. ಮೂವತ್ತು ವರ್ಷದಲ್ಲಿ ಆ ಬಾಣಲೆಯನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ.

*

ಗಂಬೋದ ಜೀವವಿರುವುದು ಹಿಟ್ಟಿನ ಹದದಲ್ಲಿ; ಅದನ್ನು ಹುರಿಯುವಾಗ ಆನ್ಸೆಲ್ಮ್ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿ ಕೊಟ್ಟರೆ ತೆರೆಜಾ ಕಾಲರಿಗೆ ಮೂಗು ಹಚ್ಚುತ್ತಿದ್ದಳು.

"ಹುರಿದ ಗೋಡಂಬಿ. ಇವತ್ತು ಲಾಯ್ಕಾಗಿದೆ." ಇಲ್ಲವೇ, "ಸೀದ ಕಾಫಿ! ಎಷ್ಟು ಮೋರಿಗೆ ಸುರಿದಿರಿ?"

"ನೀನು ಹೆಂಡತಿಯಾ, ಪೊಲೀಸು ನಾಯಿಯಾ?"

ಅವಳ ಮೂಗು ತಪ್ಪಿದ್ದೇ ಇಲ್ಲ.

*

ಹಿಟ್ಟು ಕೆಂಪಾಯಿತು, ಕಂದಾಯಿತು. ತೆರೆಜಾ ಹೆಗಲ ಮೇಲಿನ ಬಟ್ಟೆಗೆ ಮೂಗೊತ್ತಿ ಮತ್ತೆ ಬಾಣಲೆಗೆ ಬಗ್ಗಿದಳು. ಆನ್ಸೆಲ್ಮ್ ಕೊನೆಯ ಸಲ ಬಿಚ್ಚಿ ಕೊಟ್ಟ ಅಂಗಿ ಅದು, ತೊಳೆದಿರಲಿಲ್ಲ.

"ಆಂಟಿ, ಕಪ್ಪಾಗ್ತಾ ಉಂಟು! ಒಲೆ ಆರಿಸಿ!"

"ಸುಮ್ಮನಿರು. ಅವರು ಇನ್ನೂ ಖಲಾಸ್, ಸಾಕು ಅಂತ ಹೇಳಲಿಲ್ಲ."

ಒಂದು ನಿಮಿಷ ತಡವಾದರೆ ಎಲ್ಲವೂ ಸೀದುಹೋಗುತ್ತದೆ. ಬೆವರು ಕಣ್ಣಿಗಿಳಿಯಿತು. ಅಂಗಿ, ಬಾಣಲೆ. ಅಂಗಿ, ಬಾಣಲೆ. ಥಟ್ಟನೆ ಒಲೆ ಆರಿಸಿ ಈರುಳ್ಳಿ ಸುರಿದಳು.

ಚುಂಯ್ ಎಂದು ಹಬೆ ಎದ್ದು ಅದೇ ಹಳೆಯ ಘಮ ಹೊರಗೆ ನುಗ್ಗಿತು. ಮೇಜುಗಳ ಮಾತು ಒಂದೊಂದಾಗಿ ನಿಂತಿತು. ಬಾಗಿಲಲ್ಲಿ ರಿಚರ್ಡ್, ಬೆಳಿಗ್ಗೆ ಮಣ್ಣು ಮಾಡಿದವನೇ ಒಳಗಿದ್ದಾನೆಂಬಂತೆ ಇಣುಕುತ್ತಿದ್ದ.

ತೆರೆಜಾ ಒಂದು ಕೈಯಲ್ಲಿ ಅಂಗಿ, ಇನ್ನೊಂದರಲ್ಲಿ ಸೌಟು ಎತ್ತಿ ಫ್ರೀಡಾಳ ಮೂಗಿನ ಮುಂದೆ ಹಿಡಿದಳು.

"ಕಣ್ಣು ಮುಚ್ಚು, ಮಾರಾಯ್ತಿ. ಯಾವುದು ಸೌಟು, ಯಾವುದು ಅವರು, ಹೇಳು ನೋಡುವ."