ಸಿಕ್ಕಿಕೊಂಡ ಪಟ್ಟಿ

ವಿದ್ಯುತ್ ಕೇಂದ್ರದ ಜನರೇಟರಿನ ಹಳೆಯ ತಾಮ್ರದ ಸುರುಳಿಗಳನ್ನೆಲ್ಲ ಕಿತ್ತು ಹೊಸದು ಕೂರಿಸುವಷ್ಟರಲ್ಲಿ ಫಿಟ್ಟರನ ಸೊಂಟ ಬಿದ್ದುಹೋಗಿತ್ತು. ಇನ್ನು ಉಳಿದದ್ದು ಒಂದೇ ಕೆಲಸ. ಒಳಗೆ ತಿರುಗುವ, ಮನೆಯಷ್ಟು ದೊಡ್ಡ ರೋಟರನ್ನು ಕ್ರೇನಿನಿಂದ ಎತ್ತಿ, ಸುರುಳಿ ತುಂಬಿದ ಬಾವಿಯಂಥ ಗೂಡಿನೊಳಕ್ಕೆ ಇಳಿಬಿಡುವುದು. ಸುತ್ತ ಬೆರಳು ತೂರುವಷ್ಟೇ ಸಂದು. ಎಲ್ಲಾದರೂ ತಾಗಿದರೆ ಹೊಸ ಸುರುಳಿ ಸುಲಿದುಹೋಗುತ್ತದೆ, ತಿಂಗಳುಗಟ್ಟಲೆ ಮಾಡಿದ್ದೆಲ್ಲ ಮಣ್ಣುಪಾಲು. ಅದಕ್ಕೇ ಆಳುಗಳು ಸುತ್ತಲೂ ನಿಂತು, ತೆಳ್ಳನೆಯ ಮರದ ಪಟ್ಟಿಗಳನ್ನು ಆ ಸಂದಿಗೆ ಬಿಟ್ಟು ಮೇಲೆ ಕೆಳಗೆ ಆಡಿಸುತ್ತಿರಬೇಕು. ಪಟ್ಟಿ ಸಿಕ್ಕಿಕೊಂಡಿತೋ, ಕೂಗಬೇಕು.

ಫಿಟ್ಟರ್ ಬೆಳಿಗ್ಗೆ ಒಮ್ಮೆ ಕೂಗಿದ್ದ. ರೋಟರನ್ನು ಮೇಲೆತ್ತಿ ನೋಡಿದರೆ ಏನೂ ಇಲ್ಲ. ತೂಕಡಿಸಿ ಪಟ್ಟಿಯನ್ನು ಓರೆಯಾಗಿ ಹಿಡಿದಿದ್ದ, ಅಷ್ಟೆ.

“ಏನಪ್ಪಾ, ಕನಸಲ್ಲಿ ಕೂಗಿದ್ಯಾ?” ಎಂದ ಫೋರ್‌ಮನ್. ಅವನು ಫಿಟ್ಟರನ ಅಕ್ಕನ ಗಂಡ. “ಇನ್ನೊಂದ್ಸಲ ಹಿಂಗೆ ಕೂಗಿದ್ರೆ ಕ್ರೇನಿನ ಕೊಕ್ಕೆಗೆ ನಿನ್ನನ್ನೇ ನೇತುಹಾಕ್ತೀನಿ.”

“ಹಾಕಿ ಭಾವ. ಅಲ್ಲಾದ್ರೂ ಒಂದು ನಿದ್ದೆ ಮಾಡ್ತೀನಿ.”

ಎಲ್ಲರೂ ನಕ್ಕರು. ನಗುವುದಕ್ಕೂ ಯಾರಲ್ಲೂ ತ್ರಾಣವಿರಲಿಲ್ಲ.

ಮಧ್ಯಾಹ್ನ ರೋಟರ್ ಅರ್ಧ ಇಳಿದಿತ್ತು. ಫಿಟ್ಟರನ ಕೈಯಲ್ಲಿ ಪಟ್ಟಿ ಗಕ್ಕನೆ ನಿಂತಿತು. ಈ ಸಲ ಓರೆಯಾಗಿರಲಿಲ್ಲ. ಎಳೆದ, ಬರಲಿಲ್ಲ. ಆ ಜಾಗದಲ್ಲಿ ಸುರುಳಿ ಅಲುಗದಂತೆ ಬೆಣೆ ಬಡಿದವನು ಅವನೇ. ಅವತ್ತು ತೋಳು ಸೋತುಹೋಗಿತ್ತು; ಕೊನೆಯ ಏಟು ಹೊಡೆದದ್ದೇ ನೆನಪಿಲ್ಲ. ಈಗ ಕೂಗಿ, ಏನೂ ಇಲ್ಲದಿದ್ದರೆ ನಗೆಪಾಟಲು. ಇದ್ದರೆ ತಪ್ಪು ತನ್ನ ತಲೆಗೆ. ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಗೆ ಮನೆ, ಹಾಸಿಗೆ.

“ನಿಲ್ಲಿಸ್ರೋ! ಎತ್ರೋ ಮೇಲೆ!”

ಸುತ್ತಲಿಂದ ಬೈಗುಳ ಸುರಿಯಿತು. ಕ್ರೇನಿನವನು ಮೇಲಿಂದಲೇ ಹಣೆ ಚಚ್ಚಿಕೊಂಡ. ರೋಟರ್ ಆಮೆಯ ಹಾಗೆ ಮೇಲೇರಿ ಪಕ್ಕಕ್ಕೆ ಸರಿಯಿತು. ಫೋರ್‌ಮನ್ ಟಾರ್ಚ್ ಬಿಟ್ಟು ನೋಡಿದ. ಒಂದು ಬೆಣೆ ಉಗುರಿನಷ್ಟು ಹೊರಗೆ ಜಾರಿತ್ತು. ಸುರುಳಿಗೆ ಇನ್ನೂ ಏನೂ ಆಗಿರಲಿಲ್ಲ.

“ಯಾವನದು ಈ ಬೆಣೆ?”

“ನಂದೇ ಭಾವ.”

ಫೋರ್‌ಮನ್ ಬೈಯಲು ಬಾಯಿ ತೆರೆದ. ಆದರೆ ಆಕಳಿಕೆ ಬಂತು.

“ನಿಮ್ಮಕ್ಕನಿಗೆ ಫೋನ್ ಮಾಡು. ಇವತ್ತೂ ನಾನು ಊಟಕ್ಕೆ ಬರಲ್ಲ ಅನ್ನು.”

“ಅವಳ ಕೈಲಿ ಬೈಸ್ಕೊಳ್ಳೋನು ನಾನಾ?”

“ಬೆಣೆ ಯಾರದು?”

ಫಿಟ್ಟರ್ ಸುತ್ತಿಗೆ ಹಿಡಿದು ಗೂಡಿಗಿಳಿದ. ಮೇಲಿಂದ ಭಾವ ಟಾರ್ಚ್ ಹಿಡಿದೇ ನಿಂತಿದ್ದ, ಬೆಣೆ ಪೂರ್ತಿ ಒಳಹೋಗುವ ತನಕ.