ಗೋಲಿಯ ಮೇಲಿನ ದೂರು

ಕಾರು ಕಲಿಸುವ ಹೆಂಗಸಿಗೆ ಬಾಯಿ ಜೋರಾಗಿರಲೇಬೇಕು. ಇಲ್ಲದಿದ್ದರೆ ಕಲಿಯುವವರು ಬ್ರೇಕ್ ಅಂದರೆ ಆಕ್ಸಿಲರೇಟರ್ ತುಳಿಯುತ್ತಾರೆ, ಎಡಕ್ಕೆ ಅಂದರೆ ಬಲಕ್ಕೆ ತಿರುಗಿಸುತ್ತಾರೆ, ಯಾರದೋ ಗೇಟಿಗೆ ಗುದ್ದಿ ಆಮೇಲೆ "ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ" ಅಂತ ಮುಖ ಊದಿಸಿಕೊಳ್ಳುತ್ತಾರೆ. ಹಾಗಾಗಿ ಅವಳು ಇಡೀ ದಿನ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಅದು ಅವಳ ಹೊಟ್ಟೆಪಾಡು. ಗಂಡನ ಕಡೆಯವರು ಮಾತ್ರ ಅದನ್ನು ಅವಳ ಹುಟ್ಟುಗುಣ ಅಂದುಕೊಂಡಿದ್ದರು. "ಇವಳದ್ದು ಬಾಯಿ, ಅವನದ್ದು ತಾಳ್ಮೆ" ಅಂತ ಅವಳೆದುರಿಗೇ ಹೇಳಿ ನಗುತ್ತಿದ್ದರು. ಗಂಡನೂ ನಗುತ್ತಿದ್ದ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವನದು. ಮೆತ್ತಗೆ ಮಾತಾಡುವವನು, ಇರುವೆ ಕಂಡರೂ ಸುತ್ತು ಹಾಕಿ ನಡೆಯುವವನು. ಅಂಥವನ ಹೆಂಡತಿಗೆ ಸಿಟ್ಟು ಬಂದರೆ, ಯಾಕೆ ಬಂತು ಅಂತ ಯಾವ ಪುಣ್ಯಾತ್ಮನೂ ಕೇಳುವುದಿಲ್ಲ.

ಗೋಲಿ ಮನೆಗೆ ಬಂದದ್ದು ಅವಳ ಹಟದಿಂದ. ಡ್ರೈವಿಂಗ್ ಶಾಲೆಯ ಷೆಡ್ಡಿನಲ್ಲಿ, ಹಳೇ ಟೈರುಗಳ ನಡುವೆ ಹುಟ್ಟಿದ ಹೆಣ್ಣು ನಾಯಿಮರಿ. ರಸ್ತೆ ದಾಟಲು ಹೋದ ಅದರ ತಾಯಿ ಒಂದು ದಿನ ವಾಪಸ್ಸು ಬರಲಿಲ್ಲ. ಉರುಟು ತಲೆ, ಉರುಟು ಹೊಟ್ಟೆ, ನಡೆಯಲು ಹೊರಟರೆ ಉರುಳುವ ಮರಿಗೆ ಬೇರೆ ಹೆಸರು ಹುಡುಕುವ ಅಗತ್ಯವೇ ಬೀಳಲಿಲ್ಲ. ಅದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಂದ ಸಂಜೆಯೇ ಅವಳು ಗಂಡನಿಗೆ ನೇರವಾಗಿ ಕೇಳಿದಳು.

"ಬೆಳಗ್ಗೆ, ಸಂಜೆ ನಾನು ನೋಡ್ಕೋತೀನಿ. ಮಧ್ಯಾಹ್ನ ಒಂದ್ಸಲ ಹೊರಗೆ ಕರ್ಕೊಂಡು ಹೋಗೋರು ಬೇಕು. ಆಗುತ್ತೋ ಇಲ್ವೋ ಈಗ್ಲೇ ಹೇಳಿಬಿಡಿ."

"ಅದಕ್ಕೇನಂತೆ? ಅಂಗಡಿ ಪಕ್ಕದ ಬೀದೀಲೇ ಇದೆ. ಊಟದ ಹೊತ್ತಲ್ಲಿ ಬಂದು ಆ ಮೂಲೆ ಮರದ ಹತ್ರ ಕರ್ಕೊಂಡು ಹೋಗಿ ಬರ್ತೀನಿ. ನೀನು ನಿಶ್ಚಿಂತೆಯಾಗಿರು," ಅಂದ ಗಂಡ.

ಅವಳು ನಿಶ್ಚಿಂತೆಯಾಗಿಯೇ ಇದ್ದಳು. ಅದೇ ಅವಳು ಮಾಡಿದ ತಪ್ಪು.

ಮನೆಯಲ್ಲಿ ಜನ ಇದ್ದಾಗ ಗೋಲಿಯಷ್ಟು ಜಾಣೆ ಇನ್ನೊಂದಿಲ್ಲ. ಒತ್ತಡ ಬಂದರೆ ಬಾಗಿಲ ಹತ್ತಿರ ಓಡಿ ಉಗುರಿನಿಂದ ಕೆರೆಯುತ್ತಿತ್ತು. ಮರದ ಬುಡದಲ್ಲಿ ಕೂತು ಮುಗಿಸಿ, ಹೊಗಳಿಕೆಗಾಗಿ ಮುಖ ನೋಡುತ್ತಿತ್ತು. "ಜಾಣೆ, ಜಾಣೆ" ಅಂತ ಬೆನ್ನು ಸವರಿದರೆ ಮೈಯೆಲ್ಲ ಬಾಲ ಮಾಡಿಕೊಂಡು ಅಲ್ಲಾಡುತ್ತಿತ್ತು. ಆದರೆ ಒಂಟಿಯಾಗಿ ಬಿಟ್ಟುಹೋದ ದಿನ ಮುಗಿಯಿತು ಕಥೆ. ಸಂಜೆ ಅವಳು ಬೀಗ ತೆಗೆದು ಒಳಗೆ ಕಾಲಿಟ್ಟರೆ ಬಾಗಿಲ ಚಾಪೆ ತೊಯ್ದು ತೊಪ್ಪೆ. ಅದೂ ಬೇರೆಲ್ಲೂ ಅಲ್ಲ, ಸರಿಯಾಗಿ ಅವಳು ಕಾಲಿಡುವ ಜಾಗದಲ್ಲಿ.

"ಮಧ್ಯಾಹ್ನ ಕರ್ಕೊಂಡು ಹೋಗಿದ್ರಾ?"

"ಹೋಗಿದ್ನಲ್ಲ. ಚೆನ್ನಾಗಿ ಮಾಡ್ತು. ಆಮೇಲೆ ಯಾಕೆ ಹೀಗೆ ಮಾಡುತ್ತೋ," ಅಂತ ಗಂಡ ನಿಟ್ಟುಸಿರು ಬಿಡುತ್ತಿದ್ದ. "ಬೇಕಂತಲೇ ಮಾಡುತ್ತೆ ಅನ್ಸುತ್ತೆ. ನೀನು ಬಿಟ್ಟು ಹೋಗ್ತೀಯಲ್ಲ, ಅದಕ್ಕೆ ಸೇಡು."

ದಿನವಿಡೀ ಕಲಿಯುವವರ ಜೊತೆ ಗುದ್ದಾಡಿ, ಹೊಗೆ ಕುಡಿದು ಬಂದವಳಿಗೆ ಮೊದಲು ಕಾಲಿಗೆ ತಣ್ಣಗೆ ತಗಲುವುದು ಅದು. ಪಿತ್ತ ನೆತ್ತಿಗೇರದೆ ಇರುತ್ತದೆಯೇ? ಮೊದಮೊದಲು ಬೈದಳು. ಆಮೇಲೆ ಕುತ್ತಿಗೆ ಹಿಡಿದು ಮೂಗನ್ನು ಚಾಪೆಗೆ ಒತ್ತಿದಳು. ಒಂದು ದಿನ ಚಪ್ಪಲಿಯಿಂದ ಬಾರಿಸಿಯೂ ಬಿಟ್ಟಳು. ಕಾರಿನಲ್ಲಿ ಅವಳ ಪಾಠ ಏನು? ತಪ್ಪು ಮಾಡಿದ ಗಳಿಗೆಯಲ್ಲೇ ಹೇಳಬೇಕು, ಮುಂದಿನ ತಿರುವಿನಲ್ಲಿ ಹೇಳಿದರೆ ಯಾವ ತಪ್ಪಿಗೆ ಬೈಸಿಕೊಂಡೆ ಅಂತ ಅವರಿಗೆ ತಿಳಿಯುವುದೇ ಇಲ್ಲ. ಆ ಪಾಠ ಮನೆಯ ಹೊಸ್ತಿಲಿನ ಹೊರಗೇ ಉಳಿದುಹೋಯಿತು. ಗಂಡ ಸೋಫಾದ ಮೇಲೆ ಕೂತು, "ಹೋಗ್ಲಿ ಬಿಡೇ, ಪಾಪ," ಅನ್ನುತ್ತಿದ್ದ. ಆ 'ಪಾಪ' ಕೇಳಿದರೆ ಅವಳ ಮೈ ಇನ್ನೂ ಉರಿಯುತ್ತಿತ್ತು.

ಕೊನೆಗೆ ಇಬ್ಬರೂ ಮರಿಯನ್ನು ಪಶುವೈದ್ಯರ ಹತ್ತಿರ ಎತ್ತಿಕೊಂಡು ಹೋದರು. ವೈದ್ಯರು ಹೊಟ್ಟೆ ಒತ್ತಿ ನೋಡಿ, "ಚಿಕ್ಕ ಮರಿ, ಸಂಜೆವರೆಗೂ ತಡ್ಕೊಳ್ಳೋಕಾಗಲ್ಲ. ಮಧ್ಯಾಹ್ನ ಹೊರಗೆ ಬಿಡ್ತೀರಾ?" ಅಂತ ಕೇಳಿದರು.

"ಒಂದು ದಿನವೂ ತಪ್ಪಿಸಿಲ್ಲ ಸಾರ್," ಅಂದ ಗಂಡ.

ಹಾಗಾದರೆ ಮೂತ್ರಚೀಲದಲ್ಲೇ ಏನೋ ತೊಂದರೆ ಇರಬೇಕು ಅಂತ ವೈದ್ಯರು ಮಾತ್ರೆ ಬರೆದರು. ಅದನ್ನು ಪುಡಿ ಮಾಡಿ ಹಾಲಿಗೆ ಬೆರೆಸಿದರೆ ಗೋಲಿ ಹಾಲನ್ನೇ ಬಿಟ್ಟಿತು. ಕೊನೆಗೆ ದಿನಾ ಅದರ ದವಡೆ ಅಗಲಿಸಿ ಗಂಟಲಿಗೇ ಇಳಿಸಬೇಕಾಯಿತು. ಅವಳು ಮಾತ್ರೆ ಹಾಕುವವಳು, ದವಡೆ ಹಿಡಿಯುವವನು ಗಂಡ. ಮರಿ ಕಣ್ಣು ಮೇಲೆ ಮಾಡಿ ಒದ್ದಾಡುವಾಗ, "ಆಯ್ತು ಕಂದಾ, ಆಯ್ತು, ನಿನ್ನ ಒಳ್ಳೇದಕ್ಕೇ," ಅಂತ ಎಷ್ಟು ಅಕ್ಕರೆಯಿಂದ ಹೇಳುತ್ತಿದ್ದ ಅಂತೀರಿ.

ಮಾತ್ರೆ ಮುಗಿಯಿತು, ಚಾಪೆ ಒಣಗಲಿಲ್ಲ. ಆಗ ಗಂಡನ ಅಣ್ಣ ನಡುವೆ ಬಂದರು. ಊರಾಚೆ ಅವರದೊಂದು ಕಟ್ಟಿಗೆ ಡಿಪೊ. "ಅಲ್ಲಿ ತಂದು ಕಟ್ಟಿಹಾಕಿ, ಎಲ್ಲಿ ಬೇಕಾದ್ರೂ ಮಾಡ್ಕೊಳ್ಳಲಿ," ಅಂದರು ಭಾವ. ಗಂಡ ಹ್ಞೂಂ ಅಂದ. ಆ ಡಿಪೊವನ್ನು ಅವಳು ನೋಡಿದ್ದಳು. ಲಾರಿಗಳು ಹಿಂದಕ್ಕೆ ಬರುವ ಜಾಗದಲ್ಲಿ ಒಂದು ಕಂಬ, ಕಂಬಕ್ಕೊಂದು ಸರಪಳಿ, ಸುತ್ತ ಕಚ್ಚಾಡುವ ದೊಡ್ಡ ನಾಯಿಗಳು. ಗೋಲಿಯಂಥ ಮರಿ ಅಲ್ಲಿ ಎಷ್ಟು ದಿನ ಬಾಳೀತು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಆದರೂ ಸುಸ್ತಾಗಿ, ಸೋತು, ಭಾನುವಾರ ಕರೆದುಕೊಂಡು ಹೋಗಲಿ ಅಂತ ಒಪ್ಪಿಬಿಟ್ಟಳು. ಒಪ್ಪಿದ ಮೇಲೆ ಅನ್ನ ಸೇರಲಿಲ್ಲ.

ಇನ್ನೇನು ಭಾನುವಾರ ಬಂತು ಅನ್ನುವಾಗ, ಮಧ್ಯಾಹ್ನದ ಪಾಠಕ್ಕೆ ನಿವೃತ್ತ ಹೆಡ್‌ಮಿಸ್ಟ್ರೆಸ್ ಬಂದಿದ್ದರು. ಜೀವಮಾನವಿಡೀ ಶಾಲೆಯನ್ನು ಬೆರಳ ತುದಿಯಲ್ಲಿ ಕುಣಿಸಿದವರು ಸ್ಟೇರಿಂಗ್ ಮುಟ್ಟಿದರೆ ಬೆವರುತ್ತಿದ್ದರು. ಮುಖ್ಯರಸ್ತೆಯನ್ನು ಪೈಪಿಗಾಗಿ ಅಗೆದಿದ್ದರಿಂದ ಕಾರು ಒಳದಾರಿ ಹಿಡಿಯಿತು. ತೆವಳುತ್ತಾ ತೆವಳುತ್ತಾ ಅವಳ ಮನೆಯ ಬೀದಿಗೇ ಬಂತು.

"ಇಲ್ಲೇ ಸೈಡಿಗೆ ಹಾಕಿ," ಅಂದಳು ಅವಳು. ಮನೆಯ ಕಿಟಕಿಯಿಂದ ಗೋಲಿಯ ದನಿ ಕೇಳಿಸಿತ್ತು. ಬೊಗಳುವುದಲ್ಲ, ಅಳುವುದೂ ಅಲ್ಲ, ಗಂಟಲೊಳಗೇ ಎಳೆದೆಳೆದು ಕರೆಯುವ ದನಿ.

ಬಾಗಿಲಿಗೆ ಹೊರಗಿನಿಂದ ಹಾಕಿದ ಬೀಗ ಹಾಗೇ ಇತ್ತು. ಊಟದ ಹೊತ್ತು ಮುಗಿಯುತ್ತಾ ಬಂದಿತ್ತು. ಪಾಪ, ಅಂಗಡಿಯಲ್ಲಿ ಗಿರಾಕಿ ಹೆಚ್ಚಿರಬೇಕು, ಬರಲಾಗಿಲ್ಲ, ಅಂದುಕೊಂಡಳು. ಹೌದು, ಪಾಪ ಅಂತಲೇ ಅಂದುಕೊಂಡಳು. 'ನೀವು ಬರೋದು ಬೇಡ, ನಾನೇ ಇಲ್ಲಿದ್ದೀನಿ, ಮರದ ಹತ್ರ ಕರ್ಕೊಂಡು ಹೋಗ್ತೀನಿ' ಅಂತ ತಿಳಿಸಲು ಮೆಟ್ಟಿಲ ಮೇಲೆ ನಿಂತೇ ಫೋನ್ ಮಾಡಿದಳು.

"ರೀ, ಎಲ್ಲಿದ್ದೀರಿ?"

"ಇಲ್ಲೇ, ಮರದ ಹತ್ರ," ಅಂದ ಗಂಡ. ದನಿಯಲ್ಲಿ ನಿದ್ದೆಯ ಭಾರ. "ಮರೀನ ಕರ್ಕೊಂಡು ಬಂದಿದೀನಿ. ಯಾಕೆ?"

ಅವಳು ಬೀದಿಯ ಮೂಲೆಯ ಮರವನ್ನು ನೋಡಿದಳು. ಮರದ ಕೆಳಗೆ ಯಾರೋ ನಿಲ್ಲಿಸಿಹೋದ ಸೈಕಲ್ ಬಿಟ್ಟರೆ ನರಪಿಳ್ಳೆಯಿಲ್ಲ. ಬಾಗಿಲ ಹಿಂದೆ ಗೋಲಿ ಉಗುರಿನಿಂದ ಕೆರೆಯುತ್ತಿತ್ತು.

"ಮಾಡ್ತಾ?" ಅಂತ ಕೇಳಿದಳು. ಆ ದನಿ ಅವಳದೇ ಅಂತ ಅವಳಿಗೇ ನಂಬಿಕೆ ಬರಲಿಲ್ಲ, ಅಷ್ಟು ಸಣ್ಣಗಿತ್ತು.

"ಮಾಡ್ತಾ ಇದೆ, ಇರು. ಜಾಣೆ, ಜಾಣೆ. ಹಾಂ, ಆಯ್ತು. ಇನ್ನು ಒಳಗೆ ಬಿಟ್ಟು ಅಂಗಡಿಗೆ ಹೋಗ್ತೀನಿ."

ನೋಡಿ, ಸುಳ್ಳು ಹೇಳುವವರನ್ನು ಅವಳು ಕಂಡಿರಲಿಲ್ಲವೆಂದಲ್ಲ. ದಿನಾ ಕನ್ನಡಿ ನೋಡಿದೆ ಅಂತ ಸುಳ್ಳು ಹೇಳುವವರ ಪಕ್ಕದಲ್ಲೇ ಕೂತು ಬದುಕು ಸಾಗಿಸುವವಳು. ಆದರೆ ಇಲ್ಲದ ನಾಯಿಯ ಬೆನ್ನು ಸವರಿ ಜಾಣೆ ಅನ್ನುವ ಸುಳ್ಳು! ಮಾತ್ರೆ ತಿನ್ನಿಸಿದ್ದು, ವೈದ್ಯರೆದುರು ಎದೆ ತಟ್ಟಿಕೊಂಡದ್ದು, ಸರಪಳಿಗೆ ಕಟ್ಟಲು ಅಣ್ಣನಿಗೆ ಹ್ಞೂಂ ಅಂದದ್ದು, ಎಲ್ಲ ಒಟ್ಟಿಗೇ ನೆನಪಿಗೆ ನುಗ್ಗಿ ಬಂದವು. ಫೋನ್ ಕಟ್ ಮಾಡಿ ಬೀಗ ತೆಗೆದಳು.

ಚಾಪೆ ಒಣಗಿತ್ತು. ನೆಲವೂ ಒಣಗಿತ್ತು. ಬೆಳಗಿನಿಂದ ತಡೆದುಕೊಂಡು, ಯಾರಾದರೂ ಬಂದೇ ಬರುತ್ತಾರೆ ಅಂತ ಮರಿ ಬಾಗಿಲಿಗೆ ಅಂಟಿಕೊಂಡೇ ನಿಂತಿತ್ತು. ದಿನವೂ ಹೀಗೇ ನಿಂತಿದ್ದಿರಬೇಕು. ತಡೆಯಲಾಗದ ಗಳಿಗೆ ಬಂದಾಗ ನಿಂತಲ್ಲೇ ಆಗಿಹೋಗಿರಬೇಕು. ಸೇಡಂತೆ ಸೇಡು.

"ಬಾ ಗೋಲಿ," ಅಂತ ಅವಳು ಬಗ್ಗಿದಳು.

ಬಂದವಳು ಯಾರೆಂದು ಕಂಡದ್ದೇ ತಡ, ಗೋಲಿಯ ಕಿವಿಗಳು ಹಿಂದಕ್ಕೆ ಮಡಿಚಿಕೊಂಡವು. ಬಾಲ ಹೊಟ್ಟೆಯಡಿ ಸೇರಿತು. ಅಂಗಾತ ಬಿದ್ದು, ಕಾಲು ಮುದುರಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡಿತು. ಅಷ್ಟು ಹೊತ್ತು ಹಿಡಿದಿಟ್ಟುಕೊಂಡದ್ದೆಲ್ಲ ಅವಳ ಪಾದದ ಹತ್ತಿರ ಹರಿಯಿತು.

ಹೆಡ್‌ಮಿಸ್ಟ್ರೆಸ್ ಕಾರಿಳಿದು ಮೆಟ್ಟಿಲವರೆಗೆ ಬಂದಿದ್ದರು. ಇಣುಕಿ ನೋಡಿ, "ಅಯ್ಯೋ, ಹೆದರ್ಕೊಂಡು ಬಿಟ್ಟಿದೆ. ಮನೇಲಿ ಯಾರಾದ್ರೂ ಹೊಡೀತಾರಾ ಇದಕ್ಕೆ?" ಅಂದರು.

"ನಾನೇ," ಅಂದಳು ಅವಳು.

ಅವರು ಒಳಗೆ ಬಂದರು. ತಾವೇ ಬಟ್ಟೆ ಹುಡುಕಿ ತಂದುಕೊಟ್ಟರು.

ಸಂಜೆ ಗಂಡ ಬಂದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಚಪ್ಪಲಿ ಬಿಡುತ್ತಾ, ಎಂದಿನ ಮರುಕದ ಮುಖ ಹಾಕಿಕೊಂಡು, "ಇವತ್ತೂ ಮಾಡಿಬಿಡ್ತಾ?" ಅಂದ.

"ನೀವು ಮರದ ಹತ್ರ ಜಾಣೆ ಜಾಣೆ ಅನ್ನೋವಾಗ ನಾನು ಈ ಬಾಗಿಲ ಮುಂದೆ ನಿಂತಿದ್ದೆ. ಗೋಲಿ ಒಳಗೆ ಅಳ್ತಾ ಇತ್ತು."

ಗಂಡನ ಕೈ ಚಪ್ಪಲಿಯ ಪಟ್ಟಿಯ ಮೇಲೆ ಹಾಗೇ ನಿಂತಿತು. ಆಮೇಲೆ ಬಾಯಿಬಿಟ್ಟ. ಶುರುವಿನಲ್ಲಿ ದಿನಾ ಬರುತ್ತಿದ್ದನಂತೆ. ಒಂದು ದಿನ ಊಟವಾದ ಮೇಲೆ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಹಾಗೇ ಕಣ್ಣು ಹತ್ತಿತಂತೆ. ಬೈತಾಳೆ ಅಂತ ಸುಳ್ಳು ಹೇಳಿದನಂತೆ. ಮರುದಿನವೂ ನಿದ್ದೆ ಎಳೆಯಿತಂತೆ. ಆಮೇಲೆ ನಿಜ ಹೇಳಲು ಮುಖವೇ ಇರಲಿಲ್ಲವಂತೆ.

"ನಿನ್ನ ಬಾಯಿಗೆ ಹೆದರಿ ಹೇಳ್ಲಿಲ್ಲ ಕಣೆ," ಅಂದ ಕೊನೆಗೆ. ಅಂದರೆ ನೋಡಿ, ಅದೂ ಅವಳ ತಲೆಗೇ ಬಂತು.

"ನನ್ನ ಬಾಯಿಗೆ ನೀವು ಹೆದರಿದ್ರಿ. ಅದಕ್ಕೆ ಆ ಮರೀನ ಮುಂದೆ ತಳ್ಳಿದ್ರಿ," ಅಂದಳು. ದನಿ ಏರಲಿಲ್ಲ. "ನಾನು ಅದರ ಮೂತೀನ ಚಾಪೆಗೆ ಒತ್ತೋವಾಗ ಆ ಸೋಫಾ ಮೇಲೆ ಕೂತು ನೋಡ್ತಿದ್ರಲ್ಲ, ಆಗಲಾದ್ರೂ ನಿಮ್ಮ ನಾಲಿಗೆ ಏಳಲಿಲ್ವಾ? ಇಲ್ಲದ ಕಾಯಿಲೆಗೆ ಮಾತ್ರೆ ತಿನ್ನಿಸಿದ್ವಿ. ದವಡೆ ನೀವೇ ಹಿಡ್ಕೊಂಡಿದ್ರಿ. ನೀವು ನಿದ್ದೆ ಮಾಡಿದ್ದಕ್ಕೆ ನಂಗೆ ಬೇಜಾರಿಲ್ಲ ರೀ. ನನ್ನ ಕಂಡ್ರೆ ಅದು ಉಚ್ಚೆ ಹೊಯ್ಕೊಳ್ಳೋ ಹಾಗೆ ಮಾಡಿಟ್ರಲ್ಲ, ಅದನ್ನ ಹೇಗೆ ಸರಿ ಮಾಡ್ತೀರಿ?"

ಅವಳು ಫೋನ್ ಮುಂದೆ ಹಿಡಿದಳು.

"ಭಾವಂಗೆ ಮಾಡಿ. ಗೋಲಿ ಎಲ್ಲಿಗೂ ಬರಲ್ಲ ಅಂತ ಹೇಳಿ. ಯಾಕೆ ಅಂತಾನೂ ಹೇಳಿ. ನನ್ನೆದುರಿಗೇ."

ಅವನು ಮಾಡಿದ. ಮೊದಲು "ಮರಿ ಈಗ ಸುಧಾರಿಸಿದೆ ಅಣ್ಣಾ" ಅಂತ ಶುರುಮಾಡಿದ. ಅವಳು ದಿಟ್ಟಿಸಿದಳು. "ಅಲ್ಲ, ಮರಿದೇನೂ ತಪ್ಪಿರಲಿಲ್ಲ. ಮಧ್ಯಾಹ್ನ ನಾನೇ ಹೋಗ್ತಿರ್ಲಿಲ್ಲ. ಸುಳ್ಳು ಹೇಳ್ತಿದ್ದೆ," ಅಂದ. ಆ ಕಡೆಯಿಂದ ಭಾವ ಜೋರಾಗಿ ನಗುವುದು ಕೇಳಿಸಿತು. ಅವರಿಗೆ ಇದು ನಗುವ ವಿಷಯ. ನಾಳೆ ಇಡೀ ಬಳಗಕ್ಕೆ ಇದು ನಗುವ ವಿಷಯವೇ ಆಗುತ್ತದೆ, ಇವಳ ಬಾಯಿಗೆ ಹೆದರಿ ಪಾಪ ಅವನು ಸುಳ್ಳು ಹೇಳಿದ ಅಂತ. ಹೇಳಿಕೊಳ್ಳಲಿ.

ಫೋನಿನ ಸದ್ದಿಗೆ ಗೋಲಿ ಮಂಚದಡಿಯಿಂದ ಹೊರಬಂತು. ಕೋಣೆಯ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿತು. ಆಮೇಲೆ ಗೋಡೆಗೆ ಮೈ ಉಜ್ಜಿಕೊಂಡು ಅವಳಿಂದ ಆದಷ್ಟು ದೂರವಾಗಿ ಸುತ್ತು ಹಾಕಿ ಗಂಡನ ಹತ್ತಿರ ಹೋಯಿತು. ಅವನ ಮೊಣಕಾಲಿಗೆ ಮುಂಗಾಲು ಕೊಟ್ಟು, ಬಾಲ ಅಲ್ಲಾಡಿಸಿ, ಸುಳ್ಳು ಹೇಳಿದ ಕೈಯನ್ನೇ ನೆಕ್ಕಿತು. ಅವನು ಸವರಲು ಹೋಗಿ, ಹೆಂಡತಿಯ ಮುಖ ನೋಡಿ, ಕೈ ಹಿಂದಕ್ಕೆಳೆದುಕೊಂಡ.

"ಸವರಿ," ಅಂದಳು ಅವಳು. "ಅದಕ್ಕೇನು ಗೊತ್ತು?"

ತಾನು ನೆಲದ ಮೇಲೆ ಕೂತಳು. "ಗೋಲಿ," ಅಂತ ಕರೆದಳು, ಕಾರಿನಲ್ಲಿ ಯಾರಿಗೂ ಕೇಳಿಸಿರದಷ್ಟು ಮೆತ್ತಗೆ. ಮರಿ ಗಂಡನ ಕಾಲಿನ ಹಿಂದೆ ಸರಿದು ಅಲ್ಲಿಂದಲೇ ನೋಡಿತು. ಅವಳು ಅಂಗೈ ಮೇಲೆ ಮಾಡಿ ಕೈಯನ್ನು ನೆಲದ ಮೇಲಿಟ್ಟಳು. ಅದು ಬರಲಿಲ್ಲ. ಅವಳೂ ಕೈ ತೆಗೆಯಲಿಲ್ಲ.